ಧ್ವನಿ-ದೃಶ್ಯ ಕಡತಗಳ ರೂಪಾಂತರ ತಂತ್ರಾಂಶ: ಒಂದು ಚಾರಿತ್ರಿಕ ವಿವೇಚನೆ

1. ಪ್ರಸ್ತಾವನೆ

ಗ್ರಂಥಸಂಪಾದನೆಯ ಅಭ್ಯಾಸವುಳ್ಳವರಿಗೆ ಪ್ರತಿಯೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಓಲೆಗರಿ ಶಿಥಿಲವಾಗುವ ಮುನ್ನ ಲಿಪಿಕಾರನು ಅದನ್ನು ಹೊಸ ಗರಿಗೆ ಇಳಿಸುತ್ತಿದ್ದುದರಿಂದಲೇ ಪ್ರಾಚೀನ ಕಾವ್ಯಗಳು ಉಳಿದು ಬಂದವು. ಹಾಗೆ ಇಳಿಸುವಾಗಲೇ ಸ್ಖಾಲಿತ್ಯಗಳೂ ಪಾಠಾಂತರಗಳೂ ಹುಟ್ಟಿಕೊಂಡವು. ಉಳಿಸುವ ಕ್ರಿಯೆಯೇ ಕೆಡಿಸುವ ಕ್ರಿಯೆಯೂ ಆಗಬಲ್ಲದೆಂಬ ಈ ವೈರುಧ್ಯವು ಇಪ್ಪತ್ತನೆಯ ಶತಮಾನದ ಕೊನೆಯ ದಶಕದಿಂದೀಚೆಗೆ ಧ್ವನಿ ಮತ್ತು ದೃಶ್ಯ ದಾಖಲೆಗಳ ಕ್ಷೇತ್ರದಲ್ಲಿ ಹೊಸ ರೂಪದಲ್ಲಿ ಕಾಣಿಸಿಕೊಂಡಿದೆ. ಇಲ್ಲಿ ಲಿಪಿಕಾರನ ಸ್ಥಾನದಲ್ಲಿರುವುದು ಒಂದು ಬಗೆಯ ಕಡತವನ್ನು ಮತ್ತೊಂದು ಬಗೆಯ ಕಡತವನ್ನಾಗಿ ಮಾರ್ಪಡಿಸುವ ತಂತ್ರಾಂಶ.

ಬಳಕೆದಾರರ ದೃಷ್ಟಿಯಲ್ಲಿ ಇದೊಂದು ಸಣ್ಣ ಉಪಕರಣ. ಆದರೆ ಯಾವ ಧ್ವನಿಮುದ್ರಣವನ್ನು ಮುಂದಿನ ತಲೆಮಾರು ಕೇಳಬಲ್ಲದು, ಯಾವುದನ್ನು ಕೇಳಲಾರದು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿರುವುದು ಈ ಉಪಕರಣವೇ. ಆ ತಂತ್ರಾಂಶದ ಹುಟ್ಟು, ಅದರ ಹಿಂದಿರುವ ಗಣಿತ, ಪೇಟೆಂಟುಗಳೊಡನೆ ಅದು ನಡೆಸಿದ ಸೆಣಸಾಟ ಮತ್ತು ದಾಖಲೆ ಸಂರಕ್ಷಣೆಯಲ್ಲಿ ಅದರ ಪಾತ್ರ ಇವುಗಳನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಕೆಲವು ಪರಿಭಾಷೆಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಧ್ವನಿ ಅಥವಾ ದೃಶ್ಯವನ್ನು ಸಂಖ್ಯೆಗಳಾಗಿ ಸಂಕೇತಿಸುವ ಮತ್ತು ಆ ಸಂಖ್ಯೆಗಳಿಂದ ಮತ್ತೆ ಧ್ವನಿ-ದೃಶ್ಯವನ್ನು ಹೊರಡಿಸುವ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ಹೀಗೆ ಸಂಕೇತಗೊಂಡ ಧ್ವನಿ, ದೃಶ್ಯ, ಉಪಶೀರ್ಷಿಕೆಗಳನ್ನು ಕಾಲದ ಲೆಕ್ಕಕ್ಕೆ ಹೊಂದಿಸಿ ಒಟ್ಟಿಗೆ ಕಟ್ಟಿಡುವ ಚೌಕಟ್ಟು ಧಾರಕ. ಎವಿಐ, ಕ್ವಿಕ್‌ಟೈಮ್, ಎಂಪಿ4 ಮತ್ತು ಮಾಟ್ರೋಸ್ಕಾಗಳು ಧಾರಕಗಳು, ಎಂಪಿ3, ಎಚ್.264 ಮೊದಲಾದವು ಕೋಡೆಕ್‌ಗಳು. ಧಾರಕವನ್ನಷ್ಟೇ ಬದಲಿಸಿದರೆ ಒಳಗಿನ ದತ್ತಾಂಶಕ್ಕೆ ಯಾವ ಹಾನಿಯೂ ಇಲ್ಲ. ಅದು ಗ್ರಂಥದ ರಟ್ಟನ್ನು ಬದಲಿಸಿದಂತೆ. ಕೋಡೆಕನ್ನು ಬದಲಿಸಿದರೆ ಅದು ಗ್ರಂಥವನ್ನೇ ಮರಳಿ ಬರೆದಂತೆ. ಹಾಗೆ ಬರೆಯುವಾಗ ಒಂದು ಅಂಕೆಯೂ ಕಳೆಯದಿದ್ದರೆ ಅದು ನಷ್ಟರಹಿತ ರೂಪಾಂತರ, ಕೆಲವನ್ನು ಬಿಟ್ಟುಕೊಟ್ಟರೆ ನಷ್ಟಸಹಿತ ರೂಪಾಂತರ.

2. ಸಂಕೋಚನದ ಅನಿವಾರ್ಯತೆ ಮತ್ತು ಅದರ ಗಣಿತ

ಇಷ್ಟೊಂದು ಬಗೆಯ ಕಡತಗಳು ಏಕೆ ಹುಟ್ಟಿದವು ಎಂಬ ಪ್ರಶ್ನೆಗೆ ಉತ್ತರ ಸರಳವಾದ ಗುಣಾಕಾರದಲ್ಲಿದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕ್ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ, ಪ್ರತಿ ಬಾರಿ 16 ಬಿಟ್‌ಗಳಲ್ಲಿ, ಎರಡು ವಾಹಿನಿಗಳಲ್ಲಿ ಅಳೆದು ದಾಖಲಿಸುತ್ತದೆ. ಇದರಿಂದ ಸೆಕೆಂಡಿಗೆ 14,11,200 ಬಿಟ್‌ಗಳು, ಅಂದರೆ ಒಂದು ಗಂಟೆಯ ಸಂಗೀತಕ್ಕೆ ಸುಮಾರು 635 ಮೆಗಾಬೈಟ್‌ಗಳು ಬೇಕಾಗುತ್ತವೆ. ದೃಶ್ಯದ ಹಸಿವು ಇನ್ನೂ ದೊಡ್ಡದು. ಭಾರತದ ದೂರದರ್ಶನದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಚಿತ್ರವನ್ನು 720 ಅಡ್ಡ, 576 ಉದ್ದದ ಚುಕ್ಕೆಗಳಾಗಿ ಒಡೆದು, ಸೆಕೆಂಡಿಗೆ 25 ಚಿತ್ರಗಳಂತೆ, ಚುಕ್ಕೆಯೊಂದಕ್ಕೆ 16 ಬಿಟ್‌ಗಳಲ್ಲಿ ದಾಖಲಿಸಿದರೆ ಗಂಟೆಯೊಂದಕ್ಕೆ ಸುಮಾರು 75 ಗಿಗಾಬೈಟ್‌ಗಳು ತುಂಬುತ್ತವೆ. 1990ರ ದಶಕದ ಗಣಕಗಳಿಗೂ ದೂರವಾಣಿ ತಂತಿಗಳಿಗೂ ಇದನ್ನು ಹೊರುವ ಶಕ್ತಿ ಇರಲಿಲ್ಲ. ಆದ್ದರಿಂದ ಸಂಕೋಚನವು ಅನಿವಾರ್ಯವಾಯಿತು.

ಈ ಸಂಕೋಚನದ ಕೀಲಿಯನ್ನು ಒದಗಿಸಿದ ಸಂಶೋಧನೆಗೆ ಕರ್ನಾಟಕದ ನಂಟಿದೆ ಎಂಬುದು ಇಲ್ಲಿ ವಿಶೇಷವಾಗಿ ಗಮನಾರ್ಹ. 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ನಾಸಿರ್ ಅಹ್ಮದ್ ಅವರು, ವಿಶ್ವೇಶ್ವರಯ್ಯನವರು 1917ರಲ್ಲಿ ಸ್ಥಾಪಿಸಿದ ಮತ್ತು ಮುಂದೆ ಅವರ ಹೆಸರನ್ನೇ ಪಡೆದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತು, 1961ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪದವಿ ಪಡೆದರು. ಬಳಿಕ ಅಮೆರಿಕೆಯ ನ್ಯೂ ಮೆಕ್ಸಿಕೊ ವಿಶ್ವವಿದ್ಯಾನಿಲಯದಿಂದ 1966ರಲ್ಲಿ ಡಾಕ್ಟರೇಟ್ ಪಡೆದು ಕ್ಯಾನ್ಸಾಸ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ಕೊಸೈನ್ ಶ್ರೇಣಿಯನ್ನು ಆಧರಿಸಿದ ರೂಪಾಂತರವೊಂದನ್ನು ಅಭ್ಯಸಿಸಲು 1972ರಲ್ಲಿ ಅವರು ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಸಲ್ಲಿಸಿದ ಪ್ರಸ್ತಾವಕ್ಕೆ ಧನಸಹಾಯ ದೊರೆಯಲಿಲ್ಲ. ಆಲೋಚನೆಯು ತೀರ ಸರಳವಾಗಿದೆ ಎಂಬುದು ಪರಿಶೀಲಕರೊಬ್ಬರ ಅಭಿಪ್ರಾಯವಾಗಿತ್ತೆಂದು ಅವರೇ 1991ರ ಲೇಖನವೊಂದರಲ್ಲಿ ಸ್ಮರಿಸಿಕೊಂಡಿದ್ದಾರೆ. ಆದರೂ ಅವರು ಕೆಲಸವನ್ನು ಕೈಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಾಸ್‌ನ ಪ್ರಾಧ್ಯಾಪಕ ಕೆ. ಆರ್. ರಾವ್ ಅವರೊಡಗೂಡಿ ಬರೆದ ಕಿರು ಪ್ರಬಂಧವು 1974ರ ಜನವರಿಯಲ್ಲಿ ಪ್ರಕಟವಾಯಿತು. ಅದೇ ವಿವಿಕ್ತ ಕೊಸೈನ್ ರೂಪಾಂತರ.

ಇದರ ತತ್ತ್ವವನ್ನು ಹೀಗೆ ಹೇಳಬಹುದು. ಚಿತ್ರವೊಂದನ್ನು ಎಂಟಕ್ಕೆ ಎಂಟರ ಸಣ್ಣ ಚೌಕಗಳಾಗಿ ಒಡೆದರೆ ಚೌಕದೊಳಗಿನ 64 ಚುಕ್ಕೆಗಳು ಸಾಮಾನ್ಯವಾಗಿ ಒಂದನ್ನೊಂದು ಹೋಲುತ್ತವೆ. ಅವುಗಳನ್ನು ಕೊಸೈನ್ ಅಲೆಗಳ ಮೊತ್ತವಾಗಿ ಬರೆದಾಗ ಮಾಹಿತಿಯ ಬಹುಭಾಗ ಕೆಲವೇ ಗುಣಾಂಕಗಳಲ್ಲಿ ಶೇಖರವಾಗುತ್ತದೆ. ಉಳಿದವು ಸೊನ್ನೆಗೆ ಸಮೀಪವಾಗಿರುವುದರಿಂದ ಅವನ್ನು ಸ್ಥೂಲವಾಗಿ ದಾಖಲಿಸಿದರೂ, ಬಿಟ್ಟರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಸ್ಥಿರಚಿತ್ರಗಳ ಜೆಪೆಗ್, ಚಲನಚಿತ್ರಗಳ ಎಂಪೆಗ್ ಮಾನಕಗಳು ಈ ಗಣಿತದ ಮೇಲೆ ನಿಂತವು. ಪ್ರಿನ್ಸೆನ್, ಜಾನ್ಸನ್ ಮತ್ತು ಬ್ರಾಡ್ಲಿ ಅವರು 1987ರಲ್ಲಿ ಇದರ ಪರಿಷ್ಕೃತ ರೂಪವೊಂದನ್ನು ಧ್ವನಿಗೆ ಅನ್ವಯಿಸುವಂತೆ ಬೆಳೆಸಿದರು. ಎಂಪಿ3 ಮತ್ತು ಅದರ ನಂತರದ ಬಹುಪಾಲು ಧ್ವನಿ ಕೋಡೆಕ್‌ಗಳು ಅದನ್ನು ಬಳಸಿಕೊಂಡವು. ಮುಂದೆ ಕೋಡೆಕ್‌ಗಳ ಸುತ್ತ ದೊಡ್ಡ ಪೇಟೆಂಟ್ ವ್ಯವಹಾರವೇ ಬೆಳೆದರೂ, ಅವುಗಳ ತಳಹದಿಯಾದ ಈ ಮೂಲ ರೂಪಾಂತರಕ್ಕೆ ಅದನ್ನು ಕಂಡುಹಿಡಿದವರು ಪೇಟೆಂಟ್ ಪಡೆದಿರಲಿಲ್ಲ.

3. ಮಾನಕಗಳೂ ಬೇಲಿಗಳೂ

1988ರಲ್ಲಿ ಇಟಲಿಯ ಲಿಯೊನಾರ್ಡೊ ಕಿಯಾರಿಲ್ಯೋನೆ ಮತ್ತು ಜಪಾನಿನ ಹಿರೋಶಿ ಯಾಸುದಾ ಅವರ ಪ್ರಯತ್ನದಿಂದ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಆಶ್ರಯದಲ್ಲಿ ಎಂಪೆಗ್ ತಜ್ಞರ ಗುಂಪು ರೂಪುಗೊಂಡಿತು. ಅದರ ಮೊದಲ ಮಾನಕ 1993ರಲ್ಲಿ ಪ್ರಕಟವಾಯಿತು. ಅದರ ಧ್ವನಿವಿಭಾಗದ ಮೂರನೆಯ ಸ್ತರಕ್ಕೆ ಜರ್ಮನಿಯ ಎರ್ಲಾಂಗೆನ್‌ನಲ್ಲಿರುವ ಫ್ರೌನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಅವರ ಸಹೋದ್ಯೋಗಿಗಳ ಕೊಡುಗೆ ದೊಡ್ಡದು. 1995ರಲ್ಲಿ ಅದರ ಕಡತಗಳಿಗೆ ಎಂಪಿ3 ಎಂಬ ಹೆಸರು ನಿಶ್ಚಯವಾಯಿತು. ಪ್ರಬಲವಾದ ಒಂದು ಸ್ವರವು ಸಮೀಪದ ದುರ್ಬಲ ಸ್ವರವನ್ನು ಕಿವಿಗೆ ಕೇಳಿಸದಂತೆ ಮರೆಮಾಡುತ್ತದೆ ಎಂಬ ಶ್ರವಣಶಾಸ್ತ್ರದ ಸಂಗತಿಯನ್ನು ಇದು ಬಳಸಿಕೊಳ್ಳುತ್ತದೆ. ಸೆಕೆಂಡಿಗೆ 128 ಕಿಲೋಬಿಟ್‌ಗಳ ಎಂಪಿ3 ಕಡತವು ಕಾಂಪ್ಯಾಕ್ಟ್ ಡಿಸ್ಕಿನ ದತ್ತಾಂಶದ ಹನ್ನೊಂದರಲ್ಲಿ ಒಂದು ಪಾಲಷ್ಟೇ ಆಗುತ್ತದೆ.

ಇದೇ ಕಾಲಘಟ್ಟದಲ್ಲಿ ಕಂಪನಿಗಳು ತಮ್ಮ ತಮ್ಮ ಕಡತಪದ್ಧತಿಗಳನ್ನು ಬಳಕೆಗೆ ತಂದವು. ಆಪಲ್ ಕಂಪನಿಯ ಎಐಎಫ್‌ಎಫ್ 1988ರಲ್ಲಿ, ಮೈಕ್ರೋಸಾಫ್ಟ್ ಮತ್ತು ಐಬಿಎಂಗಳ ವೇವ್ ಹಾಗೂ ಆಪಲ್‌ನ ಕ್ವಿಕ್‌ಟೈಮ್ 1991ರಲ್ಲಿ, ಮೈಕ್ರೋಸಾಫ್ಟ್‌ನ ಎವಿಐ 1992ರಲ್ಲಿ, ರಿಯಲ್ ಆಡಿಯೊ 1995ರಲ್ಲಿ ಬಂದವು. ಇವುಗಳಲ್ಲಿ ಕೆಲವುಗಳ ರಚನೆ ಬಹಿರಂಗವಾಗಿತ್ತು. ಇನ್ನು ಕೆಲವುಗಳೊಳಗಿನ ಕೋಡೆಕ್‌ಗಳು ಗುಟ್ಟಾಗಿದ್ದು, ಆಯಾ ಕಂಪನಿಯ ತಂತ್ರಾಂಶವಿಲ್ಲದೆ ಕಡತವನ್ನು ತೆರೆಯುವುದು ಸಾಧ್ಯವಿರಲಿಲ್ಲ. ಕಡತವು ಬಳಕೆದಾರನದಾದರೂ ಅದರ ಬೀಗದ ಕೈ ಬೇರೆಯವರ ಬಳಿಯಲ್ಲಿತ್ತು. ರೂಪಾಂತರ ತಂತ್ರಾಂಶದ ಚರಿತ್ರೆ ಆರಂಭವಾಗುವುದು ಈ ಹಿನ್ನೆಲೆಯಲ್ಲಿ.

4. ಆರಂಭದ ಪ್ರಯತ್ನಗಳು

ಧ್ವನಿ ಕಡತಗಳನ್ನು ಒಂದರಿಂದ ಮತ್ತೊಂದಕ್ಕೆ ಮಾರ್ಪಡಿಸುವ ಸಾಮಾನ್ಯೋದ್ದೇಶದ ಮೊದಲ ತಂತ್ರಾಂಶಗಳಲ್ಲಿ ಲ್ಯಾನ್ಸ್ ನೋರ್ಸ್‌ಕಾಗ್ 1991ರಲ್ಲಿ ಹಂಚಿದ ಸಾಕ್ಸ್ ಪ್ರಮುಖವಾದುದು. ಆಗ ಪ್ರತಿಯೊಂದು ಗಣಕವರ್ಗಕ್ಕೂ ಪ್ರತ್ಯೇಕ ಧ್ವನಿ ಕಡತವಿತ್ತು. ಪ್ರತಿ ಜೋಡಿಗೂ ಒಂದೊಂದು ಪರಿವರ್ತಕವನ್ನು ಬರೆಯುವ ಬದಲು, ಎಲ್ಲ ಬಗೆಗಳನ್ನೂ ಮೊದಲು ಒಂದು ಸಾಮಾನ್ಯ ಆಂತರಿಕ ರೂಪಕ್ಕೆ ಓದಿಕೊಂಡು, ಅಲ್ಲಿಂದ ಬೇಕಾದ ರೂಪಕ್ಕೆ ಬರೆಯುವುದು ಅದರ ವಿನ್ಯಾಸ. ಹತ್ತು ಬಗೆಯ ಕಡತಗಳಿದ್ದರೆ ತೊಂಬತ್ತು ಪರಿವರ್ತಕಗಳ ಬದಲು ಹತ್ತು ಓದುಗಗಳೂ ಹತ್ತು ಬರಹಕಗಳೂ ಸಾಕಾಗುತ್ತವೆ. ಮುಂದಿನ ಅನೇಕ ರೂಪಾಂತರ ತಂತ್ರಾಂಶಗಳಲ್ಲೂ ಈ ವಿನ್ಯಾಸವೇ ನೆಲೆಗೊಂಡಿತು.

ಎಂಪಿ3ಯ ವಿಷಯದಲ್ಲಿ ತೊಡಕು ಬೇರೆ ಬಗೆಯದು. ಮಾನಕವು ಬಹಿರಂಗವಾಗಿತ್ತು, ಮಾದರಿ ಮೂಲಸಂಕೇತವೂ ಲಭ್ಯವಿತ್ತು. ಆದರೆ ವಿಧಾನದ ಮೇಲೆ ಪೇಟೆಂಟ್‌ಗಳಿದ್ದವು. 1998ರ ಸೆಪ್ಟೆಂಬರಿನಲ್ಲಿ ಫ್ರೌನ್‌ಹೋಫರ್ ಸಂಸ್ಥೆಯು ಎಂಪಿ3 ಸಂಕೇತಕಗಳನ್ನು ಹಂಚುತ್ತಿದ್ದವರಿಗೆ ಪರವಾನಗಿ ಶುಲ್ಕದ ಕುರಿತು ಪತ್ರ ಬರೆಯಿತು. ಇದಕ್ಕೆ ಎರಡು ಬಗೆಯ ಪ್ರತಿಕ್ರಿಯೆಗಳು ಬಂದವು. ಕ್ರಿಸ್ ಮಾಂಟ್ಗೊಮರಿ ಅವರ ನೇತೃತ್ವದ ಬಳಗವು ಪೇಟೆಂಟ್‌ಗಳ ಹಂಗಿಲ್ಲದ ವೋರ್ಬಿಸ್ ಕೋಡೆಕನ್ನು ರೂಪಿಸಲು ತೊಡಗಿ 2002ರ ಜುಲೈನಲ್ಲಿ ಅದರ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದಿತು. ಇನ್ನೊಂದು ಕಡೆ ಮೈಕ್ ಚೆಂಗ್ 1998ರಲ್ಲಿ ಆರಂಭಿಸಿದ ಲೇಮ್ ಯೋಜನೆಯು ಮೊದಲಿಗೆ ಮಾದರಿ ಸಂಕೇತಕ್ಕೆ ತಿದ್ದುಪಡಿಗಳನ್ನಷ್ಟೇ ಹಂಚಿತು. ತಾನು ಎಂಪಿ3 ಸಂಕೇತಕವೇ ಅಲ್ಲವೆಂದು ಅದರ ಹೆಸರಿನ ವಿಸ್ತರಣೆ ಹೇಳುತ್ತಿದ್ದುದರಲ್ಲಿ ವಿನೋದವೂ ಎಚ್ಚರವೂ ಇದ್ದವು. 2000ದ ಮೇ ವೇಳೆಗೆ ಮಾದರಿ ಸಂಕೇತದ ಕೊನೆಯ ಅವಶೇಷಗಳನ್ನೂ ಕಿತ್ತುಹಾಕಿ ಸ್ವತಂತ್ರ ಸಂಕೇತವನ್ನು ಬರೆಯಲಾಗಿತ್ತು. ಎಂಪಿ3ಯ ಪರವಾನಗಿ ವ್ಯವಸ್ಥೆಯು 2017ರ ಏಪ್ರಿಲ್‌ನಲ್ಲಿ ಕೊನೆಗೊಂಡಿತು.

ಭಾರತದ ಸ್ಥಿತಿ ಇದಕ್ಕಿಂತ ಸ್ವಲ್ಪ ಭಿನ್ನವಾದುದು. 2002ರ ತಿದ್ದುಪಡಿಯ ಮೂಲಕ ಪೇಟೆಂಟ್ ಅಧಿನಿಯಮಕ್ಕೆ ಸೇರಿದ 3(ಕೆ) ಪ್ರಕರಣದಂತೆ ಗಣಿತವಿಧಾನ ಮತ್ತು ಗಣಕ ಕ್ರಮವಿಧಿ ತಮ್ಮಷ್ಟಕ್ಕೆ ತಾವು ಆವಿಷ್ಕಾರಗಳೆನಿಸುವುದಿಲ್ಲ. ಕಾನೂನುಗಳು ದೇಶದಿಂದ ದೇಶಕ್ಕೆ ಹೀಗೆ ಭಿನ್ನವಾಗಿದ್ದುದೇ ಮುಕ್ತ ತಂತ್ರಾಂಶದ ಹಂಚಿಕೆಯನ್ನು ಜಟಿಲಗೊಳಿಸಿದ್ದ ಕಾರಣಗಳಲ್ಲಿ ಒಂದು.

5. ಎಫ್‌ಎಫ್‌ಎಂಪೆಗ್‌ನ ಉದಯ

ಈ ಚರಿತ್ರೆಯ ಕೇಂದ್ರದಲ್ಲಿರುವುದು ಎಫ್‌ಎಫ್‌ಎಂಪೆಗ್. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ ಇದನ್ನು 2000ದಲ್ಲಿ ಗೆರಾರ್ ಲಾಂತೊ ಎಂಬ ಗುಪ್ತನಾಮದಲ್ಲಿ ಆರಂಭಿಸಿದರು. ಹೆಸರಿನ ಮೊದಲೆರಡು ಅಕ್ಷರಗಳು ಧ್ವನಿಮುದ್ರಿಕೆಯನ್ನು ವೇಗವಾಗಿ ಮುಂದಕ್ಕೆ ಓಡಿಸುವುದನ್ನು ಸೂಚಿಸುತ್ತವೆ. ಪೈ ಸಂಖ್ಯೆಯ ಅಂಕೆಗಳನ್ನು ಎಣಿಸುವ ಸೂತ್ರವೊಂದನ್ನು 1997ರಲ್ಲಿ ನೀಡಿದವರೂ, ಕ್ಯೂಎಮು ಎಂಬ ಗಣಕಾನುಕರಣ ತಂತ್ರಾಂಶವನ್ನು ಬರೆದವರೂ ಇವರೇ. 2004ರಿಂದ ಆಸ್ಟ್ರಿಯಾದ ಮೈಕೆಲ್ ನೀಡರ್‌ಮೇಯರ್ ಯೋಜನೆಯ ನೇತೃತ್ವ ವಹಿಸಿದರು.

ಈ ತಂತ್ರಾಂಶ ಐದು ಹಂತಗಳಲ್ಲಿ ಕೆಲಸ ಮಾಡುತ್ತದೆ. ಧಾರಕವನ್ನು ಬಿಚ್ಚಿ ಧ್ವನಿಯ ಮತ್ತು ದೃಶ್ಯದ ಪ್ರವಾಹಗಳನ್ನು ಬೇರ್ಪಡಿಸುವುದು ಮೊದಲನೆಯದು; ಅವುಗಳ ಸಂಕೇತವನ್ನು ಬಿಡಿಸುವುದು ಎರಡನೆಯದು; ಬೇಕಾದಲ್ಲಿ ಅಳತೆ, ಬಣ್ಣ, ಧ್ವನಿಮಟ್ಟಗಳನ್ನು ಸರಿಪಡಿಸುವುದು ಮೂರನೆಯದು; ಹೊಸ ಕೋಡೆಕ್‌ನಲ್ಲಿ ಸಂಕೇತಿಸುವುದು ನಾಲ್ಕನೆಯದು; ಹೊಸ ಧಾರಕದಲ್ಲಿ ಕಟ್ಟುವುದು ಐದನೆಯದು. ನಡುವಿನ ಮೂರು ಹಂತಗಳನ್ನು ಬಿಟ್ಟು ಪ್ರವಾಹಗಳನ್ನು ಇದ್ದಂತೆಯೇ ಹೊಸ ಧಾರಕಕ್ಕೆ ವರ್ಗಾಯಿಸಲೂ ಅವಕಾಶವಿದೆ. ಕೋಡೆಕ್‌ಗಳ ಭಾಗವನ್ನೂ ಧಾರಕಗಳ ಭಾಗವನ್ನೂ ಪ್ರತ್ಯೇಕ ಸಂಗ್ರಹಗಳಾಗಿ ಇರಿಸಿದ್ದರಿಂದ ಬೇರೆ ತಂತ್ರಾಂಶಗಳು ಅವನ್ನು ಎರವಲು ಪಡೆಯುವುದು ಸುಲಭವಾಯಿತು. ಎಂಪ್ಲೇಯರ್, ಪ್ಯಾರಿಸಿನ ವಿದ್ಯಾರ್ಥಿ ಯೋಜನೆಯಾಗಿ ಹುಟ್ಟಿ 2001ರಲ್ಲಿ ಮುಕ್ತ ಪರವಾನಗಿಗೆ ಬಂದ ವಿಎಲ್‌ಸಿ, ಎರಿಕ್ ಪೆತಿ 2003ರಲ್ಲಿ ಆರಂಭಿಸಿದ ಹ್ಯಾಂಡ್‌ಬ್ರೇಕ್ ಮೊದಲಾದವು ಈ ಸಂಗ್ರಹಗಳನ್ನು ಆಶ್ರಯಿಸಿದವು. ಗುಂಡಿಗಳನ್ನೊತ್ತಿ ಕಡತಗಳನ್ನು ಮಾರ್ಪಡಿಸುವ ಅನೇಕ ತಂತ್ರಾಂಶಗಳ ಒಳಗೆ ಇದೇ ಯಂತ್ರವಿದ್ದು, ಹೊರಕವಚವಷ್ಟೇ ಬೇರೆಯಾಗಿರುತ್ತದೆ. 2021ರ ಫೆಬ್ರವರಿಯಲ್ಲಿ ಮಂಗಳ ಗ್ರಹದ ಮೇಲೆ ಇಳಿದ ನಾಸಾದ ಪರ್ಸೆವರೆನ್ಸ್ ನೌಕೆಯ ಇಳಿಕೆಯ ಚಿತ್ರಗಳನ್ನು ಸಂಕೋಚಿಸುವುದಕ್ಕೂ ಇದನ್ನು ಬಳಸಲಾಯಿತು.

ಚರಿತ್ರೆಯ ದೃಷ್ಟಿಯಿಂದ ಇದಕ್ಕಿಂತ ಮಹತ್ತ್ವದ ಸಂಗತಿಯೆಂದರೆ ಗುಟ್ಟಾಗಿದ್ದ ಕೋಡೆಕ್‌ಗಳನ್ನು ಸ್ವಯಂಸೇವಕರು ಬಿಡಿಸಿದುದು. ರಿಯಲ್ ವಿಡಿಯೊ, ಸೊರೆನ್ಸನ್, ಇಂಡಿಯೊ, ವಿಂಡೋಸ್ ಮೀಡಿಯಾ ಮುಂತಾದವುಗಳ ರಚನೆಯನ್ನು, ಮೂಲ ತಂತ್ರಾಂಶದ ವರ್ತನೆಯನ್ನು ಪರಿಶೀಲಿಸಿ ಹಿಮ್ಮುಖವಾಗಿ ಊಹಿಸಿ, ಸ್ವತಂತ್ರ ವಿಸಂಕೇತಕಗಳನ್ನು ಬರೆಯಲಾಯಿತು. ಅರಿಯದ ಲಿಪಿಯೊಂದನ್ನು ಓದಿ ವರ್ಣಮಾಲೆಯನ್ನು ಕಟ್ಟಿಕೊಡುವ ಶಾಸನತಜ್ಞರ ಶ್ರಮಕ್ಕೆ ಇದನ್ನು ಹೋಲಿಸಬಹುದು. ವಿಂಡೋಸ್‌ಗೆ ಒದಗಿಸಿದ್ದ ಕ್ವಿಕ್‌ಟೈಮ್ ತಂತ್ರಾಂಶದ ಬೆಂಬಲವನ್ನು ಆಪಲ್ 2016ರಲ್ಲಿ ನಿಲ್ಲಿಸಿತು. 2019ರ ಮ್ಯಾಕ್ ಕಾರ್ಯವ್ಯವಸ್ಥೆಯಲ್ಲಿ ಹಳೆಯ ಕೋಡೆಕ್‌ಗಳು ಕೆಲಸಮಾಡದಾದವು. ಫ್ಲ್ಯಾಶ್ ತಂತ್ರಾಂಶದ ಬೆಂಬಲ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಕಂಪನಿಗಳು ಕೈಬಿಟ್ಟ ಮೇಲೂ ಇಂತಹ ಅನೇಕ ಕಡತಗಳು ಇಂದಿಗೂ ತೆರೆದುಕೊಳ್ಳುವುದಕ್ಕೆ ಆ ಸ್ವಯಂಸೇವಕರ ದುಡಿಮೆಯೇ ಕಾರಣ.

6. ಒಡಕು ಮತ್ತು ಪುನರೇಕೀಕರಣ

ಯೋಜನೆಯ ಒಳಗಿನ ಸ್ಥಿತಿ ಸದಾ ಶಾಂತವಾಗಿರಲಿಲ್ಲ. ಸಂಕೇತವನ್ನು ಪರಿಶೀಲಿಸುವ ಕ್ರಮ ಮತ್ತು ನಾಯಕತ್ವದ ಶೈಲಿಯ ಕುರಿತು ಭಿನ್ನಾಭಿಪ್ರಾಯ ಬೆಳೆದು, 2011ರ ಮಾರ್ಚ್‌ನಲ್ಲಿ ಕೆಲವು ಅಭಿವರ್ಧಕರು ಲಿಬಾವ್ ಎಂಬ ಕವಲು ಯೋಜನೆಯನ್ನು ಘೋಷಿಸಿದರು. ಡೆಬಿಯನ್ ಮತ್ತು ಉಬುಂಟು ವಿತರಣೆಗಳು ಲಿಬಾವ್ ಅನ್ನು ಅಂಗೀಕರಿಸಿದವು. ಅಲ್ಲಿ ಹಳೆಯ ಹೆಸರಿನ ಆದೇಶವನ್ನು ನೀಡಿದವರಿಗೆ ಅದು ಬಳಕೆಯಿಂದ ಹೊರಗಾಗುತ್ತಿದೆ ಎಂಬ ಸೂಚನೆ ಕಾಣಿಸುತ್ತಿದ್ದುದರಿಂದ ಮೂಲ ಯೋಜನೆಯೇ ನಿಂತುಹೋಯಿತೆಂಬ ತಪ್ಪುಕಲ್ಪನೆ ಹಬ್ಬಿತು. ಇತ್ತ ಎಫ್‌ಎಫ್‌ಎಂಪೆಗ್ ತನ್ನ ಕೆಲಸವನ್ನು ಮುಂದುವರಿಸಿದ್ದಲ್ಲದೆ ಲಿಬಾವ್‌ನ ಬದಲಾವಣೆಗಳನ್ನೂ ತನ್ನೊಳಗೆ ಸೇರಿಸಿಕೊಳ್ಳುತ್ತ ಹೋಯಿತು. 2015ರಲ್ಲಿ ಎರಡೂ ವಿತರಣೆಗಳು ಎಫ್‌ಎಫ್‌ಎಂಪೆಗ್‌ಗೆ ಮರಳಿದವು. ಅದೇ ವರ್ಷ ನೀಡರ್‌ಮೇಯರ್ ನಾಯಕತ್ವದಿಂದ ಹಿಂದೆ ಸರಿದರು. ಲಿಬಾವ್ ಕ್ರಮೇಣ ನಿಂತಿತು.

ಈ ಪ್ರಸಂಗ ಒಂದು ಸಂಗತಿಯನ್ನು ಸ್ಪಷ್ಟಪಡಿಸುತ್ತದೆ. ಜಗತ್ತಿನ ಧ್ವನಿ-ದೃಶ್ಯ ವ್ಯವಹಾರದ ದೊಡ್ಡ ಪಾಲು ಅವಲಂಬಿಸಿರುವ ಒಂದು ಸಾಧನವು ಕೆಲವೇ ಮಂದಿಯ ಆಸಕ್ತಿ ಮತ್ತು ಸಹನೆಯ ಮೇಲೆ ನಿಂತಿತ್ತು. ಮೂಲಸಂಕೇತ ಮುಕ್ತವಾಗಿದ್ದುದರಿಂದಲೇ ಜಗಳವಾದರೂ ಗ್ರಂಥ ಉಳಿಯಿತು. 2024ರಲ್ಲಿ ಜರ್ಮನಿಯ ಸಾರ್ವಜನಿಕ ನಿಧಿಯೊಂದು ಈ ಯೋಜನೆಗೆ ನೆರವು ನೀಡಿತು.

7. ಸಂರಕ್ಷಣೆಯ ಪ್ರಶ್ನೆ

ರೂಪಾಂತರ ತಂತ್ರಾಂಶವು ಅಭಿಲೇಖಾಲಯಗಳಿಗೆ ವರವೂ ಹೌದು, ಅಪಾಯವೂ ಹೌದು. ನಷ್ಟಸಹಿತ ಕಡತವನ್ನು ಮತ್ತೊಂದು ನಷ್ಟಸಹಿತ ಕಡತವನ್ನಾಗಿ ಮಾಡಿದಾಗ ಮೊದಲ ಬಾರಿಗೆ ಬಿಟ್ಟುದರ ಜೊತೆಗೆ ಎರಡನೆಯ ಬಾರಿಗೆ ಬಿಟ್ಟುದೂ ಸೇರುತ್ತದೆ. ಎಂಪಿ3ಯನ್ನು ವೇವ್ ಆಗಿ ಮಾರ್ಪಡಿಸಿದರೆ ಕಡತ ಹಿಗ್ಗುತ್ತದೆಯೇ ಹೊರತು ಕಳೆದುಹೋದ ಧ್ವನಿ ಮರಳುವುದಿಲ್ಲ. ಆದ್ದರಿಂದ ಅಂತಾರಾಷ್ಟ್ರೀಯ ಧ್ವನಿ ಮತ್ತು ಶ್ರವ್ಯ-ದೃಶ್ಯ ಅಭಿಲೇಖಾಲಯಗಳ ಸಂಘವು, 2004ರಲ್ಲಿ ಮೊದಲ ಬಾರಿಗೆ ಪ್ರಕಟಿಸಿ 2009ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ, ಧ್ವನಿಯನ್ನು ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್‌ಗಳಲ್ಲಿ ಸಂಕೋಚನವಿಲ್ಲದೆ ದಾಖಲಿಸಬೇಕೆಂದು ಹೇಳಿದೆ. ಎರಡು ವಾಹಿನಿಗಳ ಒಂದು ಗಂಟೆಯ ಧ್ವನಿಗೆ ಇದರಿಂದ ಸುಮಾರು ಒಂದು ಗಿಗಾಬೈಟ್ ಸ್ಥಳ ಬೇಕಾಗುತ್ತದೆ.

ದೃಶ್ಯಕ್ಕೆ ಸಂಕೋಚನವಿಲ್ಲದ ದಾಖಲೆ ದುಬಾರಿಯಾದುದರಿಂದ ನಷ್ಟರಹಿತ ಕೋಡೆಕ್‌ನ ಅಗತ್ಯವಿತ್ತು. ನೀಡರ್‌ಮೇಯರ್ 2003ರಲ್ಲಿ ಎಫ್‌ಎಫ್‌ಎಂಪೆಗ್‌ಗಾಗಿ ಬರೆದ ಎಫ್‌ಎಫ್‌ವಿ1 ಈ ಕೊರತೆಯನ್ನು ತುಂಬಿತು. ಅದರ ಮೂರನೆಯ ಆವೃತ್ತಿಯು ಪ್ರತಿ ಚಿತ್ರವನ್ನು ತುಂಡುಗಳಾಗಿ ವಿಂಗಡಿಸಿ ತುಂಡೊಂದಕ್ಕೆ ತಾಳೆಸಂಖ್ಯೆಯೊಂದನ್ನು ಇರಿಸುತ್ತದೆ. ಇದರಿಂದ ಕಡತ ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂಬುದೂ ತಿಳಿಯುತ್ತದೆ. ಅಂತರಜಾಲ ಮಾನಕ ಮಂಡಳಿಯ ದಾಖಲೆಗಳಾಗಿ ಎಫ್‌ಎಫ್‌ವಿ1 2021ರಲ್ಲಿ, ಮಾಟ್ರೋಸ್ಕಾ ಧಾರಕ ಮತ್ತು ನಷ್ಟರಹಿತ ಧ್ವನಿಯ ಫ್ಲ್ಯಾಕ್ 2024ರಲ್ಲಿ ಪ್ರಕಟವಾದವು. ಹವ್ಯಾಸಿಗಳ ಕೈಯಲ್ಲಿ ಹುಟ್ಟಿದ ಈ ಮೂರೂ ಈಗ ಲಿಖಿತ ವ್ಯಾಖ್ಯೆಯನ್ನು ಪಡೆದಿವೆ. ಮೂಲ ತಂತ್ರಾಂಶ ನಾಶವಾದರೂ ವ್ಯಾಖ್ಯೆಯನ್ನು ಓದಿ ಹೊಸದನ್ನು ಬರೆಯಬಹುದೆಂಬುದು ಇದರ ಅರ್ಥ.

ಕರ್ನಾಟಕದ ಸಂದರ್ಭದಲ್ಲಿ ಈ ಪ್ರಶ್ನೆಯ ತೂಕ ಹೆಚ್ಚು. ಇಲ್ಲಿಯ ಮೌಖಿಕ ಪರಂಪರೆಯ ಬಹುಪಾಲು ಸಂಗ್ರಹಕಾರ್ಯ ನಡೆದಿರುವುದು ಕಾಂತೀಯ ಪಟ್ಟಿಗಳ ಕಾಲದಲ್ಲಿ. ಒಂದು ನಿದರ್ಶನವನ್ನು ನೋಡಬಹುದು. ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ ಅವರು ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಅವರೊಡನೆ 1990ರ ಡಿಸೆಂಬರಿನಲ್ಲಿ ಧ್ವನಿ ಹಾಗೂ ದೃಶ್ಯ ರೂಪಗಳಲ್ಲಿ ದಾಖಲಿಸಿದರು. 15,683 ಸಾಲುಗಳ ಪಠ್ಯವು 1998ರಲ್ಲಿ ಮುದ್ರಣಗೊಂಡಿತು. ಮುದ್ರಿತ ಪಠ್ಯದಲ್ಲಿ ಸಾಲುಗಳಿವೆ. ಹಾಡಿಕೆಯ ಲಯ, ಉಸಿರಿನ ನಿಲುಗಡೆ, ಪುನರುಕ್ತಿಯಲ್ಲಿ ಬದಲಾಗುವ ಸ್ವರ ಇವು ಧ್ವನಿದಾಖಲೆಯಲ್ಲಷ್ಟೇ ಇರುವಂಥವು. ಇಂತಹ ದಾಖಲೆಯನ್ನು ಕಿವಿಗೆ ಗೊತ್ತಾಗುವುದಿಲ್ಲವೆಂಬ ಸಮಾಧಾನದ ಮೇಲೆ ಎಂಪಿ3ಯಾಗಿ ಮಾತ್ರ ಉಳಿಸಿಕೊಂಡರೆ, ಯಾವುದನ್ನು ಬಿಡಬಹುದೆಂಬ ತೀರ್ಮಾನವನ್ನು ಸಂಶೋಧಕನ ಬದಲು ಶ್ರವಣಶಾಸ್ತ್ರದ ಒಂದು ಮಾದರಿ ಮಾಡಿದಂತಾಗುತ್ತದೆ. ಆ ಮಾದರಿಯು ಸಾಮಾನ್ಯ ಕೇಳುಗನ ಕಿವಿಗಾಗಿ ರೂಪಿತವಾದುದು. ಉಚ್ಚಾರಣೆಯ ಸೂಕ್ಷ್ಮಗಳನ್ನು ಅಳೆಯುವ ಭಾಷಾವಿಜ್ಞಾನಿಯ ಅಗತ್ಯಗಳು ಅದರ ಲೆಕ್ಕದಲ್ಲಿಲ್ಲ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಕಡತಗಳ ವೈವಿಧ್ಯಕ್ಕೆ ತಾಂತ್ರಿಕ ಅಗತ್ಯದಷ್ಟೇ ವಾಣಿಜ್ಯದ ಹಿತಾಸಕ್ತಿಯೂ ಕಾರಣವಾಗಿತ್ತು. ರೂಪಾಂತರ ತಂತ್ರಾಂಶವು ಆ ಬೇಲಿಗಳನ್ನು ದಾಟುವ ಪ್ರಯತ್ನವಾಗಿ ಬೆಳೆಯಿತು. ಎರಡನೆಯದಾಗಿ, ದೀರ್ಘಕಾಲ ಬಾಳಿದುದು ಬಹಿರಂಗವಾದ ಗಣಿತ ಮತ್ತು ಬಹಿರಂಗವಾದ ಸಂಕೇತ. ಧನಸಹಾಯ ದೊರೆಯದ 1972ರ ಆಲೋಚನೆಯೂ, ಗುಪ್ತನಾಮದಲ್ಲಿ ಆರಂಭವಾದ 2000ದ ಯೋಜನೆಯೂ ಇದಕ್ಕೆ ಸಾಕ್ಷಿ. ಮೂರನೆಯದಾಗಿ, ಪ್ರತಿಯೊಂದು ರೂಪಾಂತರವೂ ಒಂದು ಪ್ರತಿಲೇಖನ. ಅದಕ್ಕೆ ಪ್ರತಿಲೇಖನದ ಶಿಸ್ತು ಬೇಕು.

ಹಳೆಯ ಲಿಪಿಕಾರರು ಪ್ರತಿಯ ಕೊನೆಗೆ ತಾವು ಯಾರು, ಯಾವ ಸಂವತ್ಸರದಲ್ಲಿ, ಯಾರಿಗಾಗಿ ಬರೆದೆವು ಎಂಬುದನ್ನು ನಮೂದಿಸುತ್ತಿದ್ದರು. ಸಂಪಾದಕನಿಗೆ ಆ ಕೆಲವು ಸಾಲುಗಳ ಬೆಲೆ ಗೊತ್ತು. ಗ್ರಂಥಾಲಯಗಳು ಮತ್ತು ಅಧ್ಯಯನ ಸಂಸ್ಥೆಗಳು ತಮ್ಮ ಧ್ವನಿ-ದೃಶ್ಯ ಸಂಗ್ರಹಗಳನ್ನು ರೂಪಾಂತರಿಸುವಾಗಲೂ ಮೂಲ ಮಾಧ್ಯಮ ಯಾವುದು, ಯಾವ ತಂತ್ರಾಂಶದ ಯಾವ ಆವೃತ್ತಿಯನ್ನು ಬಳಸಲಾಯಿತು, ಯಾವ ಕೋಡೆಕ್ ಮತ್ತು ಯಾವ ಪ್ರಮಾಣ, ಕಡತದ ತಾಳೆಸಂಖ್ಯೆ ಯಾವುದು ಎಂಬುದನ್ನು ಜೊತೆಯಲ್ಲೇ ದಾಖಲಿಸಬೇಕು. ಮೂಲದಿಂದ ಮಾಡಿದ ಮೊದಲ ನಷ್ಟರಹಿತ ಪ್ರತಿಯನ್ನು ಕಾಯ್ದಿಟ್ಟು, ಕೇಳುವುದಕ್ಕೂ ಹಂಚುವುದಕ್ಕೂ ಬೇಕಾದ ಸಣ್ಣ ಕಡತಗಳನ್ನು ಅದರಿಂದಲೇ ತಯಾರಿಸಬೇಕು. ಕಾಂತೀಯ ಪಟ್ಟಿಗಳೂ ಅವನ್ನು ಓದುವ ಯಂತ್ರಗಳೂ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತಿವೆ. ತಂತ್ರಾಂಶವು ಉಚಿತವಾಗಿ ಲಭ್ಯವಿರುವ ಈ ಕಾಲದಲ್ಲಿ ಕೊರತೆಯಿರುವುದು ಯೋಜನೆಗೆ ಮತ್ತು ಸಿಬ್ಬಂದಿಗೆ. ಅವನ್ನು ಒದಗಿಸುವ ಹೊಣೆ ಸಂಸ್ಥೆಗಳದು.